ಸೂಸನ್ ಯಾರ ಹೆಂಡತಿ?

ಫೆಬ್ರವರಿಯಲ್ಲಿ ಈರೀ ಸರೋವರದ ಮೇಲಿಂದ ಗಾಳಿ ಬೀಸಿದರೆ ನಮ್ಮೂರಲ್ಲಿ ಮೂಗು ಇದೆಯೋ ಬಿದ್ದುಹೋಯಿತೋ ಅಂತ ಮುಟ್ಟಿ ನೋಡಿಕೊಳ್ಳಬೇಕು. ಅಂಥ ದಿನ ನನ್ನ ತಮ್ಮ ನಾರ್ಬ್ ಯಾರದೋ ಮನೆಯ ನೆಲಮಾಳಿಗೆಯಲ್ಲಿ, ಮನೆಯನ್ನು ಬೆಚ್ಚಗಿಡಬೇಕಾದ, ಕೆಟ್ಟು ನಿಂತ ಫರ್ನೇಸಿನ ಮುಂದೆ, ತಣ್ಣನೆ ಸಿಮೆಂಟಿನ ಮೇಲೆ ಬೋರಲು ಮಲಗಿರುತ್ತಾನೆ. ಬಾಯಲ್ಲಿ ಟಾರ್ಚು. ಬೆರಳ ಸಂದುಗಳೆಲ್ಲ ಬಿರುಕು ಬಿಟ್ಟು ರಕ್ತ. ಮೇಲೆ ಮನೆಯವರು ಕಂಬಳಿ ಹೊದ್ದು ಕಾಯುತ್ತಿರುತ್ತಾರೆ. ಫರ್ನೇಸು ಹತ್ತಿಕೊಂಡು ಗುಂಯ್ ಅಂದಾಗ ಮಕ್ಕಳು ಚಪ್ಪಾಳೆ ತಟ್ಟುತ್ತವೆ. ಅದು ಅವನ ಕೆಲಸ. ನಮ್ಮ ಅಡುಗೆಮನೆಯಲ್ಲಿ ಕೂತು ಫೋನ್ ಎತ್ತುವುದು ನನ್ನ ಕೆಲಸ. ಚಳಿಗಾಲವೇ ನಮಗೆ ಸುಗ್ಗಿ.

ಆ ಫೆಬ್ರವರಿಯಲ್ಲಿ ಮಾತ್ರ ಫೋನು ಉಸಿರೇ ಎತ್ತಲಿಲ್ಲ.

"ಅಕ್ಕಾ, ವೈರು ಕಿತ್ತೋಗಿದ್ಯಾ ನೋಡೇ," ಅಂದ ನಾರ್ಬ್.

"ನೋಡ್ದೆ ಕಣೋ. ಸರಿಯಾಗೇ ಇದೆ."

"ಅಲ್ಲಾ, ಇಡೀ ಊರಲ್ಲಿ ಒಂದ್ ಫರ್ನೇಸೂ ಕೆಟ್ಟಿಲ್ವಾ?"

"ನೀನು ಅಷ್ಟು ಚೆನ್ನಾಗಿ ರಿಪೇರಿ ಮಾಡಿಟ್ಟಿದೀಯ. ಅನುಭವಿಸು!"

ಇಬ್ಬರೂ ನಕ್ಕೆವು. ಒಳಗೆ ಮಾತ್ರ ನಾನು ಲೆಕ್ಕ ಹಾಕುತ್ತಿದ್ದೆ. ಈ ಚಳಿಗಾಲ ಹೀಗೇ ಹೋದರೆ ನಾರ್ಬ್ ತನ್ನ ವ್ಯಾನು ಮಾರಿ ಫರ್ನೇಸು, ನಲ್ಲಿ, ಛಾವಣಿ ಅಂತ ಎಲ್ಲ ಕೆಲಸವನ್ನೂ ನುಂಗುತ್ತಿದ್ದ ಒಂದು ದೊಡ್ಡ ಕಂಪನಿಗೆ ಕೂಲಿಗೆ ಸೇರಬೇಕಾಗುತ್ತಿತ್ತು. ಅಲ್ಲಿ ರಿಪೇರಿ ಮಾಡುವವನಿಗೆ ಬೆಲೆಯಿಲ್ಲ. ಒಳ್ಳೆಯ ಫರ್ನೇಸನ್ನೂ ಸತ್ತಿದೆ ಅಂತ ಹೇಳಿ ಹೊಸದು ತಗಲುಹಾಕುವವನಿಗೇ ಬೆಲೆ. ನನ್ನ ತಮ್ಮನಿಗೆ ಆ ಸುಳ್ಳು ಬಾಯಿಗೆ ಬರುವುದಿಲ್ಲ. ಅದನ್ನು ಕಲಿಯುವುದಕ್ಕಿಂತ ಉಪವಾಸ ಬೀಳುತ್ತಿದ್ದ.

ಹಿಂದಿನ ಬೇಸಿಗೆಯಲ್ಲಿ ಒಬ್ಬ ಹುಡುಗ ಬಂದಿದ್ದ. ಟ್ಯಾನರ್ ಅಂತ. ಹಲ್ಲು ನೋಡಿದರೆ ಕಣ್ಣು ಕುಕ್ಕಬೇಕು. ಯಾವುದೋ ಇಮೇಲ್ ಕಂಪನಿಯವನು. ಹೆಸರು ಹೇಳಿದರೆ ಅವರ ವಕೀಲರು ಬಾಗಿಲಿಗೆ ಬರುತ್ತಾರೆ, ಬೇಡ ಬಿಡಿ.

"ನಿಮ್ಮ ಗಿರಾಕಿಗಳ ಇಮೇಲ್ ವಿಳಾಸ ಕೊಡಿ ಸಾಕು, ಬರ್ನೀಸಕ್ಕಾ. ತಿಂಗಳು ತಿಂಗಳೂ ನಾರ್ಬಣ್ಣನ ಹೆಸರಲ್ಲಿ ಒಂದು ಚೆಂದದ ಪತ್ರ ಹೋಗುತ್ತೆ. ಕೆಳಗಡೆ ನಾವೇ ಕೊಡೋ ಒಂದು ಹೊಸ ಫೋನ್ ನಂಬರು. ಅದನ್ನ ಒತ್ತಿದ್ರೆ ಸೀದಾ ನಿಮ್ಮ ಮನೇಲೇ ರಿಂಗಾಗುತ್ತೆ," ಅಂದ.

ವಿಳಾಸಗಳೆಲ್ಲ ಅವರ ಯಂತ್ರದೊಳಕ್ಕೆ ಹೋದವು. ನಮ್ಮ ಕಂಪ್ಯೂಟರಿನಲ್ಲಿ ಇದ್ದವನ್ನು 'ಗೊಂದಲ ಬೇಡ' ಅಂತ ಅಳಿಸಿಹಾಕಿದವರೂ ಅವರೇ.

ಮೊದಲ ಪತ್ರ ಓದಿ ಊರಿಗೆ ಊರೇ ಬಿದ್ದು ಬಿದ್ದು ನಕ್ಕಿತು. 'ನಾನು ನಿಮ್ಮ ನಾರ್ಬ್. ನನ್ನ ಪ್ರೀತಿಯ ಮಡದಿ ಸೂಸನ್, ನಮ್ಮ ನಾಯಿ ಬಿಸ್ಕೆಟ್ ಮತ್ತು ನಾನು ನಿಮ್ಮ ಮನೆ ಬೆಚ್ಚಗಿದೆಯೇ ಎಂದು ಸದಾ ಯೋಚಿಸುತ್ತೇವೆ.' ನಾರ್ಬನಿಗೆ ಐವತ್ತು ದಾಟಿದೆ, ಮದುವೆಯಿಲ್ಲ. ನಾಯಿ ಕಂಡರೆ ವ್ಯಾನಿನ ಮೇಲೆ ಹತ್ತುತ್ತಾನೆ. ಪೇಟೆಯಲ್ಲಿ ಸಿಕ್ಕವರೆಲ್ಲ "ಸೂಸನ್ ಹೇಗಿದಾಳಪ್ಪಾ?" ಅಂತ ಕೇಳುವವರೇ. ಅವನ ಕಿವಿ ಕೆಂಪಾಗುತ್ತಿತ್ತು. ಒಂದು ಸಲ ಮಾತ್ರ "ಚೆನ್ನಾಗಿದಾಳೆ, ತವರಿಗೆ ಹೋಗಿದಾಳೆ" ಅಂದುಬಿಟ್ಟ.

ಹೊಸ ವರ್ಷದ ಪತ್ರ ಬಂದಾಗ ನಗು ನಿಂತಿತು. 'ಹಳೆಯ ಫರ್ನೇಸು ಮಲಗಿದ ಕುಟುಂಬವನ್ನೇ ಕೊಲ್ಲಬಹುದು' ಅಂತ ಬರೆದಿದ್ದರು. ನಮ್ಮ ಹಳೆಯ ಗಿರಾಕಿ ಡೂಡೆಕ್ ಅಜ್ಜಿ ಅದನ್ನು ಓದಿ, ಹೆದರಿ, ಚೆನ್ನಾಗಿ ಉರಿಯುತ್ತಿದ್ದ ಫರ್ನೇಸನ್ನು ಆರಿಸಿ ಎರಡು ಕೋಟು ಹಾಕಿಕೊಂಡು ಕೂತಿದ್ದಳು. ನಾರ್ಬ್ ಹೋಗಿ ಹಚ್ಚಿಕೊಟ್ಟು ಬಂದ. ಬಂದವನೇ ಟ್ಯಾನರನಿಗೆ ಫೋನ್ ಮಾಡಿದ.

"ನನ್ನ ಹೆಸರು ಹೇಳಿ ಮುದುಕೀರನ್ನ ಹೆದರಿಸ್ತೀರೇನೋ? ನಿಮ್ಮ ಸಹವಾಸ ಸಾಕು. ನಮ್ಮ ವಿಳಾಸ ವಾಪಸ್ ಕೊಡಿ."

"ಅದು ಈಗ ನಮ್ಮ ಆಸ್ತಿ ಅಣ್ಣಾ. ಒಪ್ಪಂದದಲ್ಲೇ ಇದೆ, ಓದ್ಕೊಳಿ," ಅಂದ ಟ್ಯಾನರ್.

ಅಲ್ಲಿಂದಾಚೆಗೆ ಫೋನು ಮೂಕವಾಯಿತು. ಕಾರಣ ಗೊತ್ತಾಗಿದ್ದು ಶುಕ್ರವಾರದ ಮೀನೂಟದಲ್ಲಿ.

ಈಸ್ಟರಿಗೆ ಮುಂಚಿನ ವ್ರತದ ದಿನಗಳಲ್ಲಿ ಶುಕ್ರವಾರ ನಮ್ಮಲ್ಲಿ ಯಾರೂ ಮಾಂಸ ಮುಟ್ಟುವುದಿಲ್ಲ. ಸಂಜೆಯಾದರೆ ಊರೆಲ್ಲ ಅಗ್ನಿಶಾಮಕ ದಳದ ಹಾಲಿನಲ್ಲಿ ಸೇರುತ್ತದೆ. ಕರಿದ ಮೀನು, ಕೋಸಿನ ಪಲ್ಯ, ಆಲೂಗಡ್ಡೆ ತುಂಬಿದ ಕಡುಬು. ನಾವು ಒಳಗೆ ಕಾಲಿಟ್ಟ ಕೂಡಲೇ ಒಲೆಯ ಹತ್ತಿರದಿಂದ ಯಾರೋ ಕೂಗಿದರು.

"ಬಂದ ನೋಡ್ರೋ ಧರ್ಮಭ್ರಷ್ಟ! ಶುಕ್ರವಾರದ ದಿವಸ ದನದ ಮಾಂಸಕ್ಕೆ ಕರೀತಾನಲ್ಲೋ ಪಾಪಿ!"

"ಯಾರು ಕರೆದ್ರು?" ಅಂದ ನಾರ್ಬ್.

ಹತ್ತು ಜನ ಫೋನು ಹಿಡಿದು ತೋರಿಸಿದರು. ಆ ವಾರವೇ ಬಂದ ಇಮೇಲು. 'ಈ ಶುಕ್ರವಾರ ಫರ್ನೇಸು ತಪಾಸಣೆ ಮಾಡಿಸಿ, ಬಿಸಿ ಬಿಸಿ ಸ್ಟೇಕ್ ಊಟದ ಕೂಪನ್ ಉಚಿತ! ಇಂತಿ ನಾರ್ಬ್ ಮತ್ತು ಸೂಸನ್.'

"ನಾನು ಅವರನ್ನ ಬಿಟ್ಟು ತಿಂಗಳ ಮೇಲಾಯ್ತು. ನನ್ನ ಹೆಸರಲ್ಲಿ ಇನ್ನೂ ಕಳಿಸ್ತಾವ್ರಾ?" ಅವನ ಮುಖ ಸಪ್ಪಗಾಯಿತು.

ಡೂಡೆಕ್ ಅಜ್ಜಿ ತಟ್ಟೆ ಹಿಡಿದುಕೊಂಡು ಬಂದಳು. "ಮೊನ್ನೆ ನೀನು ಕಳಿಸಿದ್ಯಲ್ಲಾ ಆ ಹುಡುಗ, ಒಳ್ಳೇವ್ನಪ್ಪಾ. ಫರ್ನೇಸು ಸತ್ತೋಗಿದೆ, ಹೊಸದು ಹಾಕಿಸ್ಬೇಕು ಅಂದ. ನಾರ್ಬನ್ನ ಒಂದ್ ಮಾತು ಕೇಳಿ ಸಹಿ ಹಾಕ್ತೀನಿ ಅಂದೆ."

"ನಾನ್ ಯಾರನ್ನೂ ಕಳಿಸಿಲ್ಲ ಅಜ್ಜಿ."

"ಮತ್ತೆ ನಾನು ನಿನ್ನ ಪತ್ರದ ನಂಬರೇ ಒತ್ತಿದ್ನಲ್ಲೋ?"

ಆಗ ಹೊಳೆಯಿತು. ಈ ಕಾಲದಲ್ಲಿ ಯಾರಪ್ಪಾ ನಂಬರು ನೆನಪಿಟ್ಟುಕೊಳ್ಳುತ್ತಾರೆ? ಇಮೇಲಿನ ನೀಲಿ ಅಕ್ಷರ ಒತ್ತುತ್ತಾರೆ, ಅಷ್ಟೆ. ಪತ್ರ ನಾರ್ಬನ ಹೆಸರಲ್ಲಿ, ನಂಬರು ಟ್ಯಾನರನ ಕಂಪನಿಯದು, ಕರೆ ಹೋಗುತ್ತಿದ್ದುದು 'ಸತ್ತಿದೆ' ಅಂತ ಹೇಳಿ ಹೊಸದು ಮಾರುವ ಆ ದೊಡ್ಡ ಕಂಪನಿಗೆ. ಮೂವತ್ತು ವರ್ಷ ನೆಲಮಾಳಿಗೆಗಳಲ್ಲಿ ತೆವಳಿ ನನ್ನ ತಮ್ಮ ಕಟ್ಟಿದ ನಂಬಿಕೆಯನ್ನು ಯಾವನೋ ಕೂತಲ್ಲೇ ಕೂತು ಮಾರಿಕೊಂಡಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು.

ಪಕ್ಕದ ಮೇಜಿನಿಂದ ಪ್ಲಂಬರ್ ಕಾರ್ಮೈನ್ ಎದ್ದು ಬಂದ. "ಒಂದ್ನಿಮಿಷ. ಏನಂದ್ರಿ, ಸೂಸನ್ನಾ? ನನ್ನ ಪತ್ರದಲ್ಲೂ ನನ್ನ ಹೆಂಡ್ತಿ ಸೂಸನ್ನೇ ಕಣ್ರಪ್ಪಾ! ನಮ್ಮ ಮನೆಯೋಳು ಒಂದು ವಾರ ಮಾತು ಬಿಟ್ಟಿದ್ಲು. ಆಗ್ಲೇ ಅವರನ್ನ ಬಿಟ್ಟೆ."

ಛಾವಣಿ ಕೆಲಸದ ಡಾಟಿ ಬಾಯಲ್ಲಿ ಕಡುಬು ಇಟ್ಟುಕೊಂಡೇ ಕೈ ಎತ್ತಿದಳು. "ನನಗೂ ಅವಳೇ ಹೆಂಡ್ತಿ. ನಾಯಿ ಬಿಸ್ಕೆಟ್ಟೂ ಇದೆ. ಕೇಳಿದ್ರೆ ತಪ್ಪಾಗಿದೆ, ಸರಿಮಾಡ್ತೀವಿ ಅಂದ್ರು. ಮಾಡ್ಲಿಲ್ಲ, ನಾನೂ ಬಿಟ್ಟೆ."

"ಲೋ ನಾರ್ಬ್, ತವರಿಗೆ ಹೋಗಿದಾಳೆ ಅಂದ್ಯಲ್ಲಾ, ನಮ್ಮನೇಲಿದ್ಲಾ ಅವ್ಳು?" ಅಂದ ಕಾರ್ಮೈನ್.

ಹಾಲಿಗೆ ಹಾಲೇ ಗೊಳ್ಳೆಂದಿತು. ನಾರ್ಬನೂ ನಕ್ಕ. ಅವನು ನಕ್ಕಿದ್ದು ನೋಡಿ ನನ್ನ ಕಣ್ಣು ಒದ್ದೆಯಾಯಿತು.

ಕಾರ್ಮೈನ್ ದನಿ ತಗ್ಗಿಸಿದ. "ನಾನು ಆ ದೊಡ್ಡ ಕಂಪನೀಲಿ ದುಡಿದೋನು. ಅವರಿಗೆ ಬರೋ ಒಂದೊಂದು ಕರೆಗೂ ಈ ಇಮೇಲಿನವ್ರಿಗೆ ದುಡ್ಡು ಸುರೀತಾರೆ. ಕೆಲಸ ಸಿಗ್ಲಿ, ಬಿಡ್ಲಿ."

"ಕರೆ ಮಾಡಿದ್ರೆ ಸಾಕಾ?" ಅಂದಳು ಡೂಡೆಕ್ ಅಜ್ಜಿ.

"ಸಾಕು."

ಅಜ್ಜಿ ತಟ್ಟೆ ಕೆಳಗಿಟ್ಟು, ಕೈ ಒರೆಸಿಕೊಂಡು, ನೀಲಿ ಅಕ್ಷರ ಒತ್ತಿದಳು. ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದಳು.

"ನಾರ್ಬ್ ಬೇಕಾಗಿತ್ತು ಮಗಾ."

"ನಾರ್ಬ್ ಬೇರೆ ಕೆಲಸದಲ್ಲಿದಾರೆ ಮೇಡಂ. ನಮ್ಮ ಇನ್ನೊಬ್ಬ ಹುಡುಗನ್ನ ಕಳಿಸ್ತೀವಿ."

"ಹೌದಾ? ನಾರ್ಬ್ ಇಲ್ಲೇ ನನ್ನೆದುರಿಗೆ ಮೀನು ತಿಂತಾವ್ನಲ್ಲೋ! ಹೋಗ್ಲಿ, ಸೂಸನ್‌ಗೆ ಕೊಡು ಫೋನು."

ಅಷ್ಟೇ. ಹಾಲಿನಲ್ಲಿದ್ದವರೆಲ್ಲ ಫೋನು ತೆಗೆದರು. ಯಾರೂ ಸುಳ್ಳು ಹೇಳಲಿಲ್ಲ, ಬೈಯಲಿಲ್ಲ. ನಾರ್ಬನ ಹೆಸರಿನ ಪತ್ರ ಬಂದವರು ನಾರ್ಬನನ್ನು ಕೇಳಿದರು. ಕಾರ್ಮೈನನ ಪತ್ರ ಬಂದವರು ಕಾರ್ಮೈನನನ್ನು, ಡಾಟಿಯ ಪತ್ರ ಬಂದವರು ಡಾಟಿಯನ್ನು. ಮೀನು ಆರಿ ತಣ್ಣಗಾಯಿತು, ಒಬ್ಬರೂ ಗೊಣಗಲಿಲ್ಲ. ಮನೆಗೆ ಹೋಗಿ ಮಾಡಿದರು, ಬೆಳಿಗ್ಗೆ ಎದ್ದು ಮಾಡಿದರು, ಭಾನುವಾರ ಚರ್ಚಿನಿಂದ ಬಂದೂ ಮಾಡಿದರು.

ಸೋಮವಾರ ನಮ್ಮ ಅಡುಗೆಮನೆಯ ಫೋನು ಬಡಿದುಕೊಂಡಿತು. ಟ್ಯಾನರ್.

"ಬರ್ನೀಸಕ್ಕಾ, ಇದೇನು ಮಾಡ್ತಿದೀರಾ? ಆ ದೊಡ್ಡ ಕಂಪನಿಯವ್ರು ನಮ್ಮ ಮೇಲೆ ಹರಿಹಾಯ್ತಿದಾರೆ. ಕರೆಗಳಿಗೆ ಕೊಟ್ಟ ದುಡ್ಡು ವಾಪಸ್ ಕೇಳ್ತಿದಾರೆ. ನನ್ನ ಕೆಲ್ಸ ಹೋಗುತ್ತೆ ಅಕ್ಕಾ. ದಯವಿಟ್ಟು ನಿಮ್ಮ ಗಿರಾಕಿಗಳಿಗೆ ಒಂದು ಮಾತು ಹೇಳಿ, ನಿಲ್ಲಿಸಲಿ."

"ನಮ್ಮ ಗಿರಾಕಿಗಳಾ? ನಿಮ್ಮ ಆಸ್ತಿ ಅಂದಿದ್ಯಲ್ಲೋ."

ಪಾಪ, ಅವನೂ ಕೂಲಿಯವನೇ. ಆದರೂ ಬಿಡಲು ಮನಸ್ಸಾಗಲಿಲ್ಲ.

"ಹೇಳೋಣಾ ಅಂದ್ರೆ ಅವರ ವಿಳಾಸ ನಮ್ಮ ಹತ್ರ ಎಲ್ಲಿದೆಯಪ್ಪಾ? ಎಲ್ಲಾ ನಿಮ್ಮ ಹತ್ರ ಇದೆ. ನಮ್ಮದು, ಕಾರ್ಮೈನಂದು, ಡಾಟೀದು, ಮೂರೂ ವಾಪಸ್ ಕೊಡಿ. ಆ ನಂಬರುಗಳನ್ನೂ ಬಿಟ್ಟುಕೊಡಿ. ಆಮೇಲೆ ಹೇಳ್ತೀನಿ."

"ಅದು... ನಮ್ಮ ಯಜಮಾನ್ರನ್ನ ಕೇಳ್ಬೇಕು."

ನಾರ್ಬ್ ನನ್ನ ಕೈಯಿಂದ ಫೋನು ಇಸಿದುಕೊಂಡ.

"ಕೇಳು ತಮ್ಮಾ, ನಿಧಾನಕ್ಕೆ ಕೇಳು," ಅಂದ. "ನಮಗೇನೂ ಅವಸರವಿಲ್ಲ. ಬರೋ ಶುಕ್ರವಾರವೂ ಮೀನೂಟ ಇದೆ. ಪಕ್ಕದೂರಿನೋರೂ ಬರ್ತೀವಿ ಅಂದವ್ರೆ."