ನಕಲು ತೆಗೆದ ಕಾಗದ

೧೯೦೯ರ ಮಾರ್ಚಿನಲ್ಲಿ ಬಂದ ಆಂಬ್ರೋಸನ ಕಾಗದ ನೋಡಿದೊಡನೆ ನನ್ನ ಮೈ ಉರಿಯಿತು. ಬರೆದದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಶಾಯಿ ಅಲ್ಲಲ್ಲಿ ಹರಡಿತ್ತು.

ಆಂಬ್ರೋಸ್ ನನ್ನ ತಮ್ಮ. ನ್ಯೂಯಾರ್ಕಿನ ಬ್ಯಾಂಕರ್, ರೈಲು ಕಂಪನಿಗಳಿಗೆ ಬಂಡವಾಳ ಎತ್ತಿಕೊಡುವವನು. ಅವನ ಆಫೀಸಿನಿಂದ ಹೊರಡುವ ಪ್ರತಿ ಪತ್ರವನ್ನೂ ಒದ್ದೆ ಮಾಡಿದ ತೆಳು ಹಾಳೆಯ ಕೆಳಗಿಟ್ಟು, ಕಬ್ಬಿಣದ ಯಂತ್ರದಲ್ಲಿ ಬಿಗಿಯಾಗಿ ಒತ್ತಿ ನಕಲು ತೆಗೆಯುತ್ತಾರೆ. ಆಗ ಮೂಲದ ಶಾಯಿ ಸ್ವಲ್ಪ ಹರಡುತ್ತದೆ. ನನಗೆ ಬರೆದದ್ದನ್ನು ಮಾತ್ರ ಅವನು ಇಪ್ಪತ್ತು ವರ್ಷಗಳಲ್ಲಿ ಒಮ್ಮೆಯೂ ಆ ಯಂತ್ರಕ್ಕೆ ಕೊಟ್ಟವನಲ್ಲ. "ನಂಬಿಕೆ ಇಲ್ದೋರಿಗೆ ಬರೆದಾಗ ತಾನೇ ನಕಲು ಬೇಕಾಗೋದು, ವಿನಿ?" ಎಂದು ನಗುತ್ತಿದ್ದ.

ಹಾಗಾದರೆ ಈಗ ನನ್ನ ಮೇಲೆ ನಂಬಿಕೆ ಹೋಯಿತೇ? ಅಮ್ಮನ ಮನೆ ನಮ್ಮಿಬ್ಬರ ಹೆಸರಿನಲ್ಲಿತ್ತು. ಮಾರೋಣವೆಂದು ಅವನು, ಕೂಡದೆಂದು ನಾನು. ಕೋರ್ಟಿಗೆ ಸಾಕ್ಷಿ ಕೂಡಿಡುತ್ತಿದ್ದಾನೆ ಎಂದುಕೊಂಡೆ. ಮುಂದಿನ ಕಾಗದಗಳದ್ದೂ ಅದೇ ಕತೆ. ಸಾಲದ್ದಕ್ಕೆ "ನಿನ್ನ ಕೆಮ್ಮು ಹೇಗಿದೆ?" ಎಂಬ ಉಪಚಾರ ಬೇರೆ. ಹುಟ್ಟಿದಾಗಿನಿಂದ ನನ್ನ ಕೆಮ್ಮನ್ನು ವಿಚಾರಿಸಿದವನಲ್ಲ ಅವನು. ನನ್ನ ಗುಮಾನಿ ಗಟ್ಟಿಯಾಯಿತು.

ನಾನೇನು ಕಡಿಮೆಯವಳೇ? ಅಳೆದು ತೂಗಿ ಉತ್ತರ ಬರೆದೆ. "ವಿನಿ" ಎಂದು ಬರೆಯುತ್ತಿದ್ದ ಕಡೆ "ಲವಿನಿಯಾ ಟ್ರೆಡ್‌ವೆಲ್" ಎಂದು ಪೂರ್ತಿ ಸಹಿ ಜಡಿದೆ. ಒಂದೊಂದಕ್ಕೂ ಕೈಯಾರೆ ನಕಲು ಬರೆದಿಟ್ಟುಕೊಂಡೆ. ಮೇ ತಿಂಗಳಲ್ಲಿ ಆ ನಕಲುಗಳನ್ನೆಲ್ಲ ಕೈಚೀಲಕ್ಕೆ ತುರುಕಿ, ಮುಖಾಮುಖಿ ಕೇಳಿಯೇಬಿಡೋಣವೆಂದು ಫಿಲಡೆಲ್ಫಿಯಾದಿಂದ ರೈಲು ಹತ್ತಿದೆ.

ಅವನ ಮನೆಯ ಬಾಗಿಲು ತೆರೆದವನು ಅವನ ಕಾರ್ಯದರ್ಶಿ ಕ್ರೋವೆಲ್.

"ಯಾರನ್ನೂ ಒಳಗೆ ಬಿಡಬಾರದು ಅಂತ ಅಪ್ಪಣೆ ಆಗಿದೆ, ಅಮ್ಮಾ."

"ನಾನು ಯಾರೋ ಅಲ್ಲ ಕಣಯ್ಯ, ಒಡಹುಟ್ಟಿದೋಳು. ಸರಿ ಆಚೆ!"

ಆಂಬ್ರೋಸ್ ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿದ್ದ. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಬಲಗೈ ಹೊದಿಕೆಯ ಮೇಲೆ ಸತ್ತು ಬಿದ್ದಿತ್ತು.

"ಫೆಬ್ರವರೀಲಿ ಲಕ್ವ ಹೊಡೀತು," ಎಂದ ಕ್ರೋವೆಲ್. "ರೈಲ್ವೆ ಬಾಂಡು ಮಾರಿ ಮುಗಿಯೋ ತನಕ ಒಂದು ನರಪಿಳ್ಳೆಗೂ ಗೊತ್ತಾಗಬಾರದು ಅಂದ್ರು ಪಾಲುದಾರರು. ನಿಮಗಾದ್ರೂ ತಿಳಿಸೋಣ ಅಂದೆ. ಹೆಂಗಸರ ಬಾಯಲ್ಲಿ ಗುಟ್ಟು ನಿಲ್ಲುತ್ತೇನಯ್ಯಾ ಅಂತ ನಕ್ಕುಬಿಟ್ರು."

"ಹಾಗಾದ್ರೆ ಕಾಗದ ಬರೆದೋನು ನೀನು."

"ಅವರ ಅಕ್ಷರ ನನಗೆ ಚೆನ್ನಾಗಿ ಬರುತ್ತೆ. ಕೆಮ್ಮಿನ ವಿಷಯ ಮಾತ್ರ ನಂದೇ. ಕ್ಷಮಿಸಿ."

"ನಕಲು ಯಾಕೆ ತೆಗೆದೆ?"

"ಯಾಕೆ ಅಂದ್ರೆ... ಮೂವತ್ತು ವರ್ಷದ ಅಭ್ಯಾಸ ಅಮ್ಮಾ. ಬರೆದದ್ದನ್ನೆಲ್ಲ ಯಂತ್ರಕ್ಕೆ ಹಾಕೋದೇ. ತಪ್ಪು ಅಂತ ಹೊಳೀಲೇ ಇಲ್ಲ."

"ನನ್ನ ಉತ್ತರಗಳು?"

"ಪ್ರತಿ ಸೋಮವಾರ ಓದಿ ಹೇಳ್ತಿದ್ದೆ. ಮಾತು ಹೋಗಿದೆ ಅಷ್ಟೆ, ಬುದ್ಧಿ ಚೆನ್ನಾಗೇ ಇದೆ. ಸಹಿ ಹತ್ರ ಬಂದಾಗ ಕಾಗದ ಕಿತ್ಕೊಂಡು ತಾವೇ ನೋಡ್ತಿದ್ರು."

ಮಂಚದ ಅಂಚಿನಲ್ಲಿ ಕುಸಿದು ಕುಳಿತೆ. ಅವನ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. "ವಿನಿ ಬಂದಿದೀನಿ ಕಣೋ," ಎಂದೆ. ಅವನ ಕಣ್ಣು ತುಂಬಿ ಬಂತು. ಇದ್ದ ಅರ್ಧ ಬಾಯಲ್ಲೇ ನಕ್ಕ. ಮೂರು ತಿಂಗಳ ನನ್ನ ಸಣ್ಣತನ ನೆನೆದು ನಾಚಿಕೆಯಿಂದ ಅಳು ಬಂತು. ಕರವಸ್ತ್ರಕ್ಕೆಂದು ಚೀಲ ತೆರೆದೆ. ಅವಸರದಲ್ಲಿ ನಕಲು ಹಾಳೆಗಳೆಲ್ಲ ಅವನ ಹೊದಿಕೆಯ ಮೇಲೆ ಚೆಲ್ಲಿದವು.

ಆಂಬ್ರೋಸ್ ಎಡಗೈಯಿಂದ ಒಂದನ್ನು ಎತ್ತಿಕೊಂಡ. ನನ್ನ ಅಕ್ಷರ. ಅವನು ಸೋಮವಾರ ಕೇಳಿಸಿಕೊಂಡಿದ್ದ ಅವೇ ಮಾತುಗಳು. ಇನ್ನೊಂದನ್ನು ಎತ್ತಿ ನೋಡಿದ. ಆಮೇಲೆ ನನ್ನನ್ನು ನೋಡಿದ.

ನಾನು ಕೈ ಚಾಚಿದೆ. ಅವನು ಹಾಳೆಗಳನ್ನು ಒಂದೊಂದಾಗಿ ನನ್ನ ಚೀಲಕ್ಕೆ ಹಾಕಿ, ಎಡಗೈಯನ್ನು ಹೊದಿಕೆಯೊಳಗೆ ಎಳೆದುಕೊಂಡ.