ನಾದಿನಿಯ ಹೆಬ್ಬೆಟ್ಟು

"ದುಡ್ಡು ಆಗಲೇ ತಗೊಂಡಿದ್ದೀರಲ್ಲಮ್ಮ," ಎಂದ ಸರ್ವರಪ್ಪ.

ಸರ್ವರಪ್ಪ ಎನ್ನುವುದು ಅವನಿಗೆ ಹೆತ್ತವರು ಇಟ್ಟ ಹೆಸರಲ್ಲ. ಮೂಲೆಯ ಫೋನ್ ಅಂಗಡಿಯಲ್ಲಿ ಬೆರಳೊತ್ತುವ ಸಣ್ಣ ಯಂತ್ರವೊಂದನ್ನು ಇಟ್ಟುಕೊಂಡು, ಜನರ ಖಾತೆಗೆ ಬಂದ ಸರ್ಕಾರದ ಹಣವನ್ನು ಬಿಡಿಸಿ ಕೈಗೆ ಕೊಡುವುದು ಅವನ ಕಸುಬು. ಬಾಯಿ ಬಿಟ್ಟರೆ "ಸರ್ವರ್ ಇಲ್ಲ", "ಸರ್ವರ್ ಬಿಜಿ", "ಸರ್ವರ್ ಈಗ ಬಂತು, ಹಾಂ, ಹೋಯ್ತು" ಎನ್ನುತ್ತಿದ್ದುದರಿಂದ ಬೀದಿಯವರು ಆ ಹೆಸರನ್ನು ಅವನಿಗೆ ಅಂಟಿಸಿದ್ದರು. ಅವನಿಗೂ ಅದರ ಬಗ್ಗೆ ತಕರಾರಿರಲಿಲ್ಲ.

"ಯಾವಾಗ ತಗೊಂಡೆ?" ಎಂದಳು ಅತ್ತಿಗೆ.

"ಮಂಗಳವಾರ. ನಿಮ್ಮ ಬೆರಳೇ ಒತ್ತಿದೆ, ನಿಮ್ಮ ದುಡ್ಡೇ ಹೋಗಿದೆ. ಬೆರಳು ಸುಳ್ಳು ಹೇಳುತ್ತಾ?" ಎಂದು ಅವನು ಅತ್ತಿಗೆಯ ಮುಖ ನೋಡಿದ, ಆಮೇಲೆ ಪಕ್ಕದಲ್ಲಿ ನಿಂತ ನಾದಿನಿಯ ಮುಖ ನೋಡಿದ. ಯಂತ್ರದ ಮೇಲಿದ್ದ ಹೆಬ್ಬೆಟ್ಟು ನಾದಿನಿಯದು. ಅವಳು ಅದನ್ನು ಬಿಸಿ ತಾಗಿದವಳಂತೆ ಹಿಂದಕ್ಕೆ ತೆಗೆದುಕೊಂಡಳು.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಇಲ್ಲವಾದರೆ ಅತ್ತಿಗೆಯ ದುಡ್ಡಿಗೆ ನಾದಿನಿ ಯಾಕೆ ಬೆರಳೊತ್ತಿದಳು ಎಂದು ನಿಮಗೂ ತಲೆಬುಡ ತಿಳಿಯುವುದಿಲ್ಲ. ಅತ್ತಿಗೆ ಇಸ್ತ್ರಿಯವಳು. ಊರಿನ ಆಸ್ಪತ್ರೆಗಳ, ಹೋಟೆಲುಗಳ ಹಾಸಿಗೆ ಬಟ್ಟೆಗಳನ್ನೆಲ್ಲ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಅವಳ ಅರ್ಧ ಆಯಸ್ಸು ಕಳೆದಿತ್ತು. ಅಲ್ಲಿ ಬ್ಲೀಚ್ ನೀರು, ಹಬೆ, ಬಿಸಿ ಬಟ್ಟೆ ಮೂರೂ ಸೇರಿ ಹೆಂಗಸರ ಬೆರಳಿನ ಗೆರೆಗಳನ್ನು ತಿಂದು ಹಾಕುತ್ತಿದ್ದವು. ಬೆರಳೊತ್ತಿ ಹಾಜರಿ ಹಾಕುವ ಯಂತ್ರ ಬಂದಾಗ ಹಳಬರ ಬೆರಳು ಅದಕ್ಕೆ ಬೆರಳಾಗಿಯೇ ಕಾಣಲಿಲ್ಲ. ಮೇಲ್ವಿಚಾರಕ ತಲೆ ಕೆಡಿಸಿಕೊಳ್ಳುವ ಜಾತಿಯವನಲ್ಲ. ಗೆರೆ ಇನ್ನೂ ಉಳಿದಿರುವ ಹೊಸ ಹುಡುಗಿಯರನ್ನು ಕರೆದು, ಒಬ್ಬೊಬ್ಬಳ ಹೆಬ್ಬೆಟ್ಟನ್ನು ಒಬ್ಬೊಬ್ಬ ಹಳಬಳ ಹೆಸರಿಗೆ ಹತ್ತಿಸಿಬಿಟ್ಟ. ಅಂದಿನಿಂದ ಲಾಂಡ್ರಿಯಲ್ಲಿ "ನನ್ನ ಬೆರಳು ಇವತ್ತು ಜ್ವರ ಅಂತ ಮಲಗಿದೆ", "ನನ್ನ ಬೆರಳಿಗೆ ಗಂಡು ನೋಡ್ತಿದ್ದಾರೆ" ಎನ್ನುವ ಮಾತುಗಳು ಯಾರಿಗೂ ನಗು ಬರಿಸುತ್ತಿರಲಿಲ್ಲ.

ಅತ್ತಿಗೆಯ ಬೆರಳು ಅವಳ ನಾದಿನಿ, ಅಂದರೆ ಗಂಡನ ತಂಗಿ. ಕಟ್ಟಿಕೊಂಡವನು ಕೈ ಕೊಟ್ಟು ಹೋದ ಮೇಲೆ ಪಕ್ಕದ ಓಣಿಯಲ್ಲಿ ಒಂದು ಕೋಣೆ ಹಿಡಿದಿದ್ದ ಅವಳನ್ನು ಲಾಂಡ್ರಿಗೆ ಸೇರಿಸಿದ್ದೂ ಅತ್ತಿಗೆಯೇ. ಅವಳು ಬಟ್ಟೆ ಮಡಿಚುವ ಕಡೆ ಇದ್ದಳು. ನೀರಿನ ಸಹವಾಸ ಇಲ್ಲದ್ದರಿಂದ ಗೆರೆ ಉಳಿದಿತ್ತು. ಲಾಂಡ್ರಿ ಮುಚ್ಚಿದಾಗ ಹಳಬರಿಗೆಲ್ಲ ನಿರುದ್ಯೋಗ ಭತ್ಯೆ ಮಂಜೂರಾಯಿತು. ನಾದಿನಿಯಂಥ ಹೊಸಬರಿಗೆ ಆಗಲಿಲ್ಲ. ಹೆಸರು ಬರೆಸಲು ಕಚೇರಿಗೆ ಹೋದ ದಿನ ಅಲ್ಲಿಯ ಯಂತ್ರವೂ ಅತ್ತಿಗೆಯ ಹೆಬ್ಬೆಟ್ಟನ್ನು ಮೂಸಿ ನೋಡಲಿಲ್ಲ. ಅವಳು ಹಿಂದೆ ತಿರುಗಿ "ಬಾರೇ ಇಲ್ಲಿ" ಎಂದಳು, ನಾದಿನಿ ಬಂದು ಒತ್ತಿದಳು, ಹಸಿರು ದೀಪ ಹತ್ತಿತು. ಗುಮಾಸ್ತ ತಲೆ ಎತ್ತಲಿಲ್ಲ. ಮೋಸ ಎನ್ನುವ ಪದ ಇಬ್ಬರ ತಲೆಗೂ ಹೊಳೆಯಲಿಲ್ಲ. ಬೆರಳು ಇರುವುದೇ ಹಾಗೆ, ಒಬ್ಬರದ್ದು ಇನ್ನೊಬ್ಬರಿಗೆ ಆಗುವುದಕ್ಕೆ ಎಂದುಕೊಂಡಿದ್ದರು, ಪಾಪ.

ಹಾಗಾಗಿ ತಿಂಗಳು ತಿಂಗಳೂ ಇಬ್ಬರೂ ಜೊತೆಯಾಗಿ ಸರ್ವರಪ್ಪನ ಅಂಗಡಿಗೆ ಬರುತ್ತಿದ್ದರು. ನಾದಿನಿ ಒತ್ತುವಳು, ಅತ್ತಿಗೆ ಕೈ ಚಾಚುವಳು, ದಾರಿಯಲ್ಲಿ ಅದರಲ್ಲೇ ಒಂದಿಷ್ಟನ್ನು ನಾದಿನಿಯ ಕೈಗೆ ತುರುಕುವಳು. ಈ ಸಲ ತುರುಕಲು ಏನೂ ಇರಲಿಲ್ಲ.

"ನಾನು ಮಂಗಳವಾರ ಮನೆಯಿಂದ ಆಚೆಗೇ ಬಂದಿಲ್ಲ ಕಣೇ," ಎಂದಳು ಅತ್ತಿಗೆ ಬೀದಿಗಿಳಿದ ಮೇಲೆ.

ನಾದಿನಿ ತಲೆ ತಗ್ಗಿಸಿ ಮುಂದೆ ನಡೆದಳು. ಅವಳ ಕಾಲಲ್ಲಿ ಹೊಸ ಚಪ್ಪಲಿ ಇದ್ದುದನ್ನು ಅತ್ತಿಗೆ ಆಗಲೇ ನೋಡಿದ್ದು. ನೋಡಬಾರದಿತ್ತು, ನೋಡಿದಳು. ನೋಡಿದ ಮೇಲೆ ಕಣ್ಣು ಅಲ್ಲಿಂದ ಏಳಲೊಲ್ಲದು.

ಮನೆಯಲ್ಲಿ ಗಂಡ ಕಿಟಕಿಯ ಹತ್ತಿರ ಕೂತು ಯಾರದೋ ಪೆಟ್ಟಿಗೆಯ ಬೀಗ ಬಿಚ್ಚುತ್ತಿದ್ದ. ಬೀಗ ರಿಪೇರಿಯಿಂದ ಬರುವುದು ಅವನ ಬೀಡಿ ಖರ್ಚಿಗಾದರೆ ಹೆಚ್ಚು. ಮನೆ ಬಾಡಿಗೆ, ಒಲೆ, ಅವನ ಸೊಂಟದ ಮಾತ್ರೆ ಎಲ್ಲವೂ ನಡೆಯುತ್ತಿದ್ದುದು ಆ ಭತ್ಯೆಯಿಂದ. ಅವಳು ನಡೆದದ್ದನ್ನು ಹೇಳಿದಳು.

"ಮಂಗಳವಾರ ಅವಳು ಆ ಅಂಗಡಿಯಿಂದ ಬರ್ತಾ ಇದ್ದಿದ್ದನ್ನ ನಾನೇ ನೋಡಿದ್ದೆ," ಎಂದ ಗಂಡ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. "ಫೋನಿಗೆ ಏನೋ ಮಾಡಿಸೋಕೆ ಹೋಗಿರಬೇಕು. ನನ್ನ ತಂಗಿ ಅಂತ ಹೇಳ್ತಿಲ್ಲ. ನಿಮ್ಮಿಬ್ಬರ ಮಧ್ಯೆ ನಾನು ಬಾಯಿ ಹಾಕೋದೂ ಇಲ್ಲ."

ಹಾಕುವುದನ್ನು ಆಗಲೇ ಹಾಕಿಯಾಗಿತ್ತು. ಅತ್ತಿಗೆಗೆ ಆ ರಾತ್ರಿ ಊಟ ಸೇರಲಿಲ್ಲ. ಅವಳು ಅಂಥವಳಲ್ಲ ಎಂದು ಒಂದು ಮನಸ್ಸು ಹೇಳುವುದು. ಬೆರಳು ಅವಳದ್ದೇ ತಾನೇ, ಇನ್ಯಾರ ಬೆರಳು ಒತ್ತಲು ಸಾಧ್ಯ ಎಂದು ಇನ್ನೊಂದು ಮನಸ್ಸು ಕೇಳುವುದು. ಎರಡು ಮನಸ್ಸುಗಳೂ ತನ್ನವೇ ಆಗಿರುವಾಗ ಯಾವುದನ್ನು ಗದರಿಸುವುದು ಎಂದು ಅವಳಿಗೆ ತಿಳಿಯಲಿಲ್ಲ.

ಬೆಳಗ್ಗೆ ಒಬ್ಬಳೇ ಕಚೇರಿಗೆ ಹೋದಳು. ದೂರಿನ ಕಿಟಕಿಯಲ್ಲಿದ್ದ ಗುಮಾಸ್ತ ತಾಳ್ಮೆಯ ಮನುಷ್ಯ, ಅದೇ ತೊಂದರೆಯಾಯಿತು. ಅವನು ಪ್ರತಿಯೊಂದನ್ನೂ ಬಿಡಿಸಿ ಬಿಡಿಸಿ ಹೇಳಿದ. ಹೇಳಿದಷ್ಟೂ ಅವಳ ತಲೆ ಗಿರ್ರೆಂದಿತು.

"ದೂರು ತಗೋತೀವಮ್ಮ. ಮೊದಲು ಇಲ್ಲಿ ಬೆರಳೊತ್ತಿ."

ಒತ್ತಿದಳು. ಕೆಂಪು ದೀಪ.

"ಕೈ ತೊಳ್ಕೊಂಡು ಬನ್ನಿ."

ಜೀವಮಾನವಿಡೀ ತೊಳೆದೇ ಈ ಗತಿ ಬಂದದ್ದು ಎಂದು ಹೇಳಲು ಹೋಗಿ ಅವಳು ಬಾಯಿ ಮುಚ್ಚಿಕೊಂಡಳು. ನಲ್ಲಿಯ ಕೆಳಗೆ ಕೈ ಹಿಡಿದು, ಸೆರಗಿಗೆ ಒರೆಸಿಕೊಂಡು ಬಂದು ಮತ್ತೆ ಒತ್ತಿದಳು. ಮತ್ತೆ ಕೆಂಪು.

"ಇದು ನಿಮ್ಮ ಖಾತೆ ಅಲ್ಲ ಅನ್ನುತ್ತೆ ಯಂತ್ರ."

"ನನ್ನದೇ ಸ್ವಾಮಿ. ನನ್ನ ಹೆಸರಿದೆ, ನನ್ನ ಮುಖ ಇದೆ, ಅಲ್ಲೇ ಫೋಟೋ ಬರ್ತಿದೆ ನೋಡಿ."

"ಫೋಟೋ ನಿಮ್ಮದೇ. ಬೆರಳು ನಿಮ್ಮದಲ್ಲ. ಮಂಗಳವಾರ ದುಡ್ಡು ತೆಗೆದಿರೋದು ಖಾತೆದಾರರ ಬೆರಳು. ಅಂದ್ರೆ ನೀವು. ನೀವು ನೀವೇ ಆಗಿದ್ರೆ ಕಳ್ಳತನ ಆಗಿಲ್ಲ, ದೂರು ಬೇಡ. ನೀವು ನೀವಲ್ಲ ಅಂದ್ರೆ ಬೇರೆಯವರ ಖಾತೆ ಬಗ್ಗೆ ದೂರು ಕೊಡೋಕೆ ಬರಲ್ಲ."

"ಹಾಗಾದ್ರೆ ನಾನು ಯಾರು?"

ಗುಮಾಸ್ತ ನಿಜವಾಗಿಯೂ ಯೋಚಿಸಿದ. "ಅದನ್ನ ನೀವೇ ಹೇಳಬೇಕು," ಎಂದ. ಆಮೇಲೆ ದನಿ ತಗ್ಗಿಸಿ, "ಬೇರೆಯವರ ಬೆರಳು ಹಾಕಿಸಿದ್ರೆ ಮಾತ್ರ ಹೇಳಬೇಡಿ. ಅದು ದೊಡ್ಡ ಕೇಸು. ಭತ್ಯೆ ನಿಲ್ಲುತ್ತೆ, ತಗೊಂಡಿದ್ದನ್ನೂ ವಾಪಸ್ ಕೇಳ್ತಾರೆ," ಎಂದ.

ಕದ್ದವಳ ಮೇಲೆ ದೂರು ಕೊಡಬೇಕಾದರೆ ಕದ್ದವಳನ್ನೇ ಕರೆತಂದು ಬೆರಳೊತ್ತಿಸಬೇಕು! ಒತ್ತಿಸದಿದ್ದರೆ ತಾನು ತಾನಲ್ಲ. ನಿಜ ಹೇಳಿದರೆ ತಾನೇ ಕಳ್ಳಿ. ಮೆಟ್ಟಿಲಿಳಿಯುವಾಗ ಅವಳು ಎರಡು ಸಲ ತಪ್ಪು ಬಾಗಿಲಿಗೆ ಹೋದಳು.

ಅಲ್ಲಿಂದ ನೆಟ್ಟಗೆ ಮನೆಗೆ ಹೋಗಿದ್ದರೆ ಎಷ್ಟೋ ಚೆನ್ನಾಗಿತ್ತು. ಸಿಟ್ಟು ಬಂದಾಗ ಕಾಲಿಗೆ ಬುದ್ಧಿ ಇರುವುದಿಲ್ಲ. ಅವಳು ನಾದಿನಿಯ ಕೋಣೆಗೆ ಹೋದಳು.

ನಾದಿನಿ ನೆಲ ಒರೆಸುತ್ತಿದ್ದಳು. "ಬನ್ನಿ ಅತ್ತಿಗೆ, ಕೂತ್ಕೊಳ್ಳಿ, ಒದ್ದೆ ಇದೆ, ಈ ಕಡೆ ಬನ್ನಿ," ಎಂದಳು.

"ಮಂಗಳವಾರ ಆ ಅಂಗಡಿಗೆ ಯಾಕೆ ಹೋಗಿದ್ದೆ?"

"ಸಿಮ್ ತಗೊಳ್ಳೋಕೆ. ಆಸ್ಪತ್ರೆ ಅಡುಗೆಮನೇಲಿ ಪಾತ್ರೆ ತೊಳೆಯೋ ಕೆಲಸ ಸಿಕ್ತು. ನನ್ನದೇ ನಂಬರ್ ಬೇಕು ಅಂದ್ರು. ಸಂಬಳ ಬಂದ ಮೇಲೆ ಹೇಳೋಣ, ಇನ್ಮೇಲೆ ನಿಮ್ಮ ದುಡ್ಡಲ್ಲಿ ನನಗೆ ಪಾಲು ಬೇಡ ಅನ್ನೋಣ ಅಂತಿದ್ದೆ. ಅವನು ಎರಡು ಸಲ ಬೆರಳೊತ್ತಿಸಿಕೊಂಡ. ಒಂದು ಸಲ ಸರ್ವರ್ ಹೋಯ್ತು ಅಂದ."

ಇಷ್ಟು ಹೇಳಿದಾಗ ಯಾರಿಗಾದರೂ ಬುದ್ಧಿಗೆ ಬೆಳಕು ಬೀಳಬೇಕು. ಆದರೆ ಅತ್ತಿಗೆಯ ತಲೆಯಲ್ಲಿ ಆಗಲೇ ಕಚೇರಿಯ ಕೆಂಪು ದೀಪ, ಗಂಡನ ಮಾತು, ಚಪ್ಪಲಿ ಎಲ್ಲ ಕಲಸಿಹೋಗಿದ್ದವು.

"ಚಪ್ಪಲಿ?"

"ಅಡ್ವಾನ್ಸ್ ಕೊಟ್ರು. ಹಳೇದು ಹರಿದಿತ್ತು."

"ಕೆಲಸ ಶುರು ಮಾಡೋಕೆ ಮೊದಲೇ ಅಡ್ವಾನ್ಸ್ ಕೊಡೋ ಧರ್ಮಾತ್ಮರು ಯಾರಮ್ಮ ಅವರು? ಕಥೆ ಕಟ್ಟಬೇಡ. ಮನೆಯವಳು ಅಂತ ನಂಬಿದ್ದೆ. ನನ್ನ ಬೆರಳೇ ನನ್ನ ಬಾಯಿಗೆ ಮಣ್ಣು ಹಾಕ್ತು."

ನಾದಿನಿ ಒರೆಸುವ ಬಟ್ಟೆಯನ್ನು ಬಕೆಟ್ಟಿಗೆ ಹಾಕಿದಳು.

"ನಿಮ್ಮ ಬೆರಳು ಅಂತೀರಲ್ಲ ಅತ್ತಿಗೆ, ಆ ಬೆರಳಿನ ಹಿಂದೆ ಒಬ್ಬಳಿದ್ದಾಳೆ ಅಂತ ಯಾವತ್ತಾದ್ರೂ ಅನ್ನಿಸಿತ್ತಾ?"

ಉತ್ತರ ತೋಚದಾಗ ಅತ್ತಿಗೆ ಮಾಡುವ ಕೆಲಸ ಒಂದೇ, ಬಾಗಿಲು ದಡಾರನೆ ಹಾಕಿಕೊಂಡು ಹೊರಡುವುದು. ಹೊರಟಳು.

ಆ ವಾರ ಕಳೆಯುವುದರೊಳಗೆ ಬೀದಿಯ ತುಂಬ ಒಂದೇ ಸುದ್ದಿ. ಸರ್ವರಪ್ಪನ ಅಂಗಡಿಗೆ ಬೀಗ ಬಿದ್ದಿತ್ತು. ರೀಚಾರ್ಜ್ ಅಂತ, ಸಿಮ್ ಅಂತ, ಸರ್ವರ್ ಹೋಯ್ತು ಅಂತ ಬಂದವರ ಕೈಯಲ್ಲೆಲ್ಲ ಎರಡೆರಡು ಸಲ ಬೆರಳೊತ್ತಿಸಿಕೊಂಡು, ಒಂದನ್ನು ಅವರ ಕೆಲಸಕ್ಕೂ ಇನ್ನೊಂದನ್ನು ಅವರ ಭತ್ಯೆ ತೆಗೆಯುವುದಕ್ಕೂ ಬಳಸಿದ್ದನಂತೆ. ಲಾಂಡ್ರಿಯವರ ಮೇಲೆ ಅವನಿಗೆ ವಿಶೇಷ ಪ್ರೀತಿ. ಇಬ್ಬರು ಬಂದು ಒಬ್ಬಳು ಒತ್ತುವುದನ್ನು ಕಂಡೇ ಅವನು ಲೆಕ್ಕ ಹಾಕಿದ್ದ: ಇವರು ಎಲ್ಲಿಗೂ ದೂರು ಒಯ್ಯಲಾರರು. ಕೊನೆಗೆ ಯಾರೋ ನಿವೃತ್ತ ಮೇಷ್ಟರ ಪಿಂಚಣಿಗೆ ಕೈ ಹಾಕಿ ಸಿಕ್ಕಿಬಿದ್ದ. ಕಚೇರಿಯಿಂದ ಅತ್ತಿಗೆಗೂ ಫೋನ್ ಬಂತು: ಹೋದ ಹಣ ಸರ್ಕಾರವೇ ತುಂಬಿಕೊಡುತ್ತದೆ, ಬಂದು ಬೆರಳೊತ್ತಿ ಹೋಗಿ.

ಅತ್ತಿಗೆ ಫೋನ್ ಹಿಡಿದು ಹಾಗೇ ಕೂತುಬಿಟ್ಟಳು. ಸಂತೋಷಪಡಬೇಕೋ ನಾಚಿಕೆಪಡಬೇಕೋ ಗೊತ್ತಾಗಲಿಲ್ಲ. ಎರಡೂ ಒಟ್ಟಿಗೆ ಬಂದು ಬಾಗಿಲಲ್ಲಿ ಸಿಕ್ಕಿಕೊಂಡಂತಾಯಿತು. ಗಂಡ "ನಾನು ಹೇಳಲಿಲ್ವಾ?" ಎಂದ. ಅವನು ಏನು ಹೇಳಿದ್ದ ಎಂದು ಅವಳು ಕೇಳಲಿಲ್ಲ. ತಪ್ಪಾಯಿತು ಎನ್ನುವ ಒಂದು ಮಾತನ್ನು ಹೇಗೆ ಶುರು ಮಾಡುವುದು ಎಂದು ಯೋಚಿಸುತ್ತ ಅವಳು ಪಕ್ಕದ ಓಣಿಗೆ ನಡೆದಳು. ಓಣಿ ಆವತ್ತು ಬೇಗ ಮುಗಿದುಹೋಯಿತು.

ಬಾಗಿಲಲ್ಲೇ ನಾದಿನಿ ಸಿಕ್ಕಳು, ಚಪ್ಪಲಿ ಮೆಟ್ಟಿ ಹೊರಟು ನಿಂತಿದ್ದಳು. "ನನಗೂ ಸುದ್ದಿ ಬಂತು," ಎಂದಳು. "ನಡೀರಿ. ನನಗೆ ಆಮೇಲೆ ಕೆಲಸಕ್ಕೆ ಹೋಗಬೇಕು." ಬಲಗೈಯನ್ನು ಸೆರಗಿನೊಳಗೆ ಸುತ್ತಿಕೊಂಡಿದ್ದಳು. ದಾರಿಯುದ್ದಕ್ಕೂ ಅತ್ತಿಗೆ "ನೋಡೇ" ಎನ್ನುವಳು, ನಾದಿನಿ "ಹೂಂ" ಎನ್ನುವಳು, ಅತ್ತಿಗೆಗೆ ಮುಂದಿನ ಮಾತು ಸಿಗದು. ಕಚೇರಿ ಬಂದೇಬಿಟ್ಟಿತು.

ಈ ಸಲ ಕಿಟಕಿಯಲ್ಲ, ಒಳಕೋಣೆ. ವಿಚಾರಣೆಯ ಅಧಿಕಾರಿ ಮೇಡಂ ಕನ್ನಡಕ ಸರಿಪಡಿಸಿಕೊಂಡು, "ನಿಮ್ಮ ಹೆಸರು ಇದೆ. ಒತ್ತಿ, ಆಯ್ತು," ಎಂದು ಯಂತ್ರವನ್ನು ಮೇಜಿನ ಮೇಲೆ ಸರಿಸಿದರು.

ನಾದಿನಿ ಮುಂದೆ ಬಂದು ಸೆರಗು ಬಿಡಿಸಿದಳು. ಹೆಬ್ಬೆಟ್ಟಿಗೆ ಬಟ್ಟೆ ಸುತ್ತಿತ್ತು. ಅದನ್ನೂ ನಿಧಾನವಾಗಿ ಬಿಚ್ಚಿದಳು. ಬೆರಳಿನ ಒಳಮುಖ ಪೂರ್ತಿ ಬೊಬ್ಬೆ ಎದ್ದು, ಒಡೆದು, ಕೆಂಪಗೆ ತೇವವಾಗಿತ್ತು. ಗೆರೆ ಎನ್ನುವುದರ ಸುಳಿವೂ ಇರಲಿಲ್ಲ.

"ಅಯ್ಯೋ, ಏನಾಯ್ತಮ್ಮ?" ಎಂದರು ಮೇಡಂ.

"ಪಾತ್ರೆ ಇಳಿಸುವಾಗ ತಾಗ್ತು."

ಬಿಸಿಯ ಜೊತೆ ಬಾಳಿದವಳು ಅತ್ತಿಗೆ. ಗೊತ್ತಿಲ್ಲದೆ ತಾಗಿದ್ದು ಬೆರಳಿನ ತುದಿಗೋ ಮಣಿಕಟ್ಟಿಗೋ ಗೀರಾಗಿ ತಾಗುತ್ತದೆ. ತಾಗಿದೊಡನೆ ಕೈ ತಾನಾಗಿ ಎಗರುತ್ತದೆ. ಹೀಗೆ ಬೆರಳಿನ ಹೊಟ್ಟೆ ಪೂರ್ತಿ, ಮಟ್ಟಸವಾಗಿ ಬೇಯಬೇಕಾದರೆ ಕಾದ ಹೆಂಚಿನ ಮೇಲೆ ಅದನ್ನು ಇಟ್ಟು, ಹಲ್ಲು ಕಚ್ಚಿ, ತೆಗೆಯದೆ ಹಿಡಿದಿರಬೇಕು. ಯಂತ್ರಕ್ಕೆ ಒತ್ತಿದಂತೆಯೇ ಒತ್ತಿರಬೇಕು.

ನಾದಿನಿ ಅವಳ ಕಡೆ ನೋಡದೆ, ಮೇಜಿನ ಮೇಲಿದ್ದ ಯಂತ್ರಕ್ಕೆ ಆ ಹಸಿ ಬೆರಳನ್ನು ಹಾಗೇ ಚಾಚಿದಳು. "ಇದು ತಗೊಂಡ್ರೆ ತಗೊಳ್ಳಿ. ಇಲ್ಲಾಂದ್ರೆ ಇನ್ಮೇಲೆ ಈ ಬೆರಳಿಂದ ಯಾರ ದುಡ್ಡೂ ಹೋಗಲ್ಲ," ಎಂದಳು. ಹೇಳುವ ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ಅತ್ತಿಗೆಗೆ ತಡೆದುಕೊಳ್ಳಲಾಗಲಿಲ್ಲ.

"ಒತ್ತಬೇಡ!" ಎಂದು ಅತ್ತಿಗೆ ಅವಳ ಮಣಿಕಟ್ಟು ಹಿಡಿದಳು.

"ಒತ್ತದೆ ಹೇಗಮ್ಮ?" ಎಂದರು ಮೇಡಂ. "ಗಾಯ ಮಾಯಲಿ, ಆಮೇಲೆ ಬನ್ನಿ. ಖಾತೆ ಈ ಬೆರಳಿನವರದೇ ತಾನೆ?"

ಹೌದು ಎಂದುಬಿಟ್ಟರೆ ಸಾಕಿತ್ತು. ಗಾಯ ಮಾಯುವವರೆಗೆ ಸಾಲ ಸೋಲ ಮಾಡಿ ದಿನ ತಳ್ಳಬಹುದಿತ್ತು. ಫೋಟೋದಲ್ಲಿರುವ ಮುಖ ಯಾರದ್ದೆಂದು ಮೇಡಂ ಇನ್ನೂ ಸರಿಯಾಗಿ ನೋಡಿರಲಿಲ್ಲ. ದಿನಗಟ್ಟಲೆ ಕಲಸಿಹೋಗಿದ್ದ ಅತ್ತಿಗೆಯ ತಲೆಯಲ್ಲಿ ಒಂದು ಮಾತು ಮಾತ್ರ ಆಗ ತಿಳಿಯಾಗಿ ನಿಂತಿತ್ತು.

"ಖಾತೆ ನನ್ನದು ಮೇಡಂ. ಬೆರಳು ಇವಳದು. ಮೊದಲ ದಿನದಿಂದಲೂ ಇವಳದೇ. ನಾನು ಹಾಕಿಸಿದ್ದು."

ಮೇಡಂ ಪೆನ್ನು ಕೆಳಗಿಟ್ಟರು. ನಾದಿನಿ "ಸುಮ್ನಿರಿ ಅತ್ತಿಗೆ, ನಿಮಗೇನು ಹುಚ್ಚಾ?" ಎಂದಳು. ಆ ಜಗಳದ ಮೇಲೆ ಅವಳು ಅತ್ತಿಗೆಯ ಮುಖ ನೋಡಿದ್ದು ಅದೇ ಮೊದಲು.

"ಏನು ಹೇಳ್ತಿದ್ದೀರಿ ಅಂತ ಗೊತ್ತಾ ನಿಮಗೆ?" ಎಂದರು ಮೇಡಂ. "ಇದನ್ನ ಬರ್ಕೊಂಡ್ರೆ ಭತ್ಯೆ ನಿಲ್ಲುತ್ತೆ."

"ಬರ್ಕೊಳ್ಳಿ. ಬೆರಳು ಸುಟ್ಟಿದ್ದು ಪಾತ್ರೆ ಅಲ್ಲ, ನಾನು. ಅದನ್ನೂ ಬರ್ಕೊಳ್ಳಿ." ಅತ್ತಿಗೆ ಆ ಮಣಿಕಟ್ಟನ್ನು ಇನ್ನೂ ಬಿಟ್ಟಿರಲಿಲ್ಲ. "ಅದಕ್ಕೆ ಮೊದಲು, ಇಲ್ಲಿ ಹತ್ತಿರದಲ್ಲಿ ಮುಲಾಮು ಎಲ್ಲಿ ಸಿಗುತ್ತೆ ಹೇಳಿ."