ಗಾಡಿಯಲ್ಲಿ ಹೋದ ವರ್ಷ

ಅಮೃತಪ್ಪನ ಹಾರೆ ಮತ್ತೆ ಕಾಂಕ್ರೀಟಿನ ತುಂಡಿಗೆ ಬಡಿದು ಠಣ್ ಎಂದಿತು. ಎರಡಡಿ ತೋಡುವಷ್ಟರಲ್ಲಿ ಇದು ನಾಲ್ಕನೆಯದು. ಅವನು ಹಾರೆ ಬಿಟ್ಟು, ಜುಮ್ಮೆನ್ನುತ್ತಿದ್ದ ಅಂಗೈಗಳನ್ನು ಉಜ್ಜಿಕೊಳ್ಳುತ್ತ ಗುಂಡಿಯಲ್ಲೇ ನಿಂತ.

“ಜೆಸಿಬಿ ಕರ್ಸಿದ್ರೆ ಹತ್ ನಿಮಿಷದ ಕೆಲ್ಸ, ದೊಡ್ಡಪ್ಪ,” ಎಂದ ಕೆಂಪರಾಜ್. ಸತ್ತ ಬೈಲಪ್ಪನವರ ಮಗ. ಬೆಳಗಿನಿಂದ ಒದ್ದೆ ಪಂಚೆಯಲ್ಲೇ ಓಡಾಡುತ್ತಿದ್ದ.

“ನಿಮ್ಮಪ್ಪ ಜೀವಮಾನೆಲ್ಲಾ ಮಣ್ಣನ್ನ ಬ್ಲೇಡಲ್ಲಿ ಕುಯ್ದೋನು ಕಣೋ. ಅವನಿಗೆ ಜೆಸಿಬಿ ತರ್ತೀಯಾ?” ಎಂದು ಮುನಿಆಂಜನಪ್ಪ ರೇಗಿದರು. ಸತ್ತ ತಮ್ಮನಿಗಿಂತ ಆರು ವರ್ಷ ದೊಡ್ಡವರು. ತಾವು ಮೊದಲು ಹೋಗಬೇಕಿತ್ತು ಎಂದು ಬಂದವರಿಗೆಲ್ಲ ಹೇಳಿ ಹೇಳಿ ಅವರ ಗಂಟಲು ಕಟ್ಟಿತ್ತು. “ಅಮೃತಪ್ಪ, ನೀನ್ ತೋಡಪ್ಪ. ಯಾರಿಗೂ ರೈಲ್ ತಪ್ಪೋಗಲ್ಲ ಇಲ್ಲಿ.”

ರಾಮಮೂರ್ತಿ ನಗರದ ಆ ಮೂರು ಗುಂಟೆ ಜಾಗದ ಸುತ್ತ ಈಗ ನಾಲ್ಕಂತಸ್ತಿನ ಬಾಡಿಗೆ ಮನೆಗಳು. ಒಂದು ಕಾಲದಲ್ಲಿ ಇಷ್ಟೂ ಬೈಲಪ್ಪನವರ ಮನೆಯ ರಾಗಿ ಹೊಲ. ಉಳಿದಿದ್ದು ಈ ಮೂಲೆ, ಒಂದು ಹೊಂಗೆ ಮರ, ಅಪ್ಪ ಅಮ್ಮನ ಎರಡು ಸಮಾಧಿ. ಮೇಲಿನ ಮನೆಯ ಹೆಂಗಸೊಬ್ಬಳು ಬಟ್ಟೆ ಒಣಹಾಕಲು ಬಂದವಳು ಕೆಳಗೆ ನೋಡಿ, ಬಕೆಟ್ಟಿನ ಸಮೇತ ಒಳಗೆ ಹೋದಳು.

ಸುಕನ್ಯ ಕಾರಿನಿಂದ ಇಳಿಯಲು ಎರಡು ಸಲ ಪ್ರಯತ್ನಿಸಿದರು. ಬೈಲಪ್ಪ ಕೆಲಸ ಮಾಡಿದ ಪ್ರಯೋಗಾಲಯದ ವಿಜ್ಞಾನಿ, ಈಗ ಅರವತ್ತೆಂಟು ವಯಸ್ಸು, ಒಂದು ಮಂಡಿ ಆಪರೇಷನ್ ಆಗಿದೆ, ಇನ್ನೊಂದು ಬಾಕಿ. ತೌಹೀದ್ ಬಾಗಿಲು ಹಿಡಿದು ನಿಂತ. ಪ್ರಯೋಗಾಲಯದ ಜೀಪು ಓಡಿಸುತ್ತಿದ್ದವನು, ಈಗ ನಿವೃತ್ತ. ಸುದ್ದಿ ತಿಳಿಸಿದವನೂ ಅವನೇ. “ಮೇಡಂ, ನಮ್ ಬೈಲಪ್ಪ ಹೋಗ್ಬಿಟ್ರು. ನೀವು... ಬರ್ತೀರಾ?” ಎಂದು ಕೇಳಿದ್ದ. ಬರ್ತೀರಾ ಅಂತ ಕೇಳುವ ಪ್ರಶ್ನೆಯೇ ಇದು? ಆದರೂ ಕೇಳಿದ್ದ, ಯಾಕೆ ಕೇಳಿದ ಅಂತ ಸುಕನ್ಯರಿಗೂ ಗೊತ್ತಿತ್ತು. ಶಿವಾಜಿನಗರದಿಂದ ಬರುವ ದಾರಿಯಲ್ಲಿ ರಸೆಲ್ ಮಾರುಕಟ್ಟೆ ಹೊಕ್ಕು ಸುಗಂಧರಾಜದ ಹಾರ ತಂದಿದ್ದ. ಸುಕನ್ಯ ಅದನ್ನು ಎರಡೂ ಕೈಯಲ್ಲಿ ಹಿಡಿದು ಶಾಮಿಯಾನದ ಕೆಳಗೆ ನಡೆದರು.

ಬೈಲಪ್ಪನವರನ್ನು ಬೆಂಚಿನ ಮೇಲೆ ಮಲಗಿಸಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕನ್ನಡಕ. ಜೇಬಿನಲ್ಲಿ ಒಂದು ಪೆನ್ಸಿಲ್. ಅದು ಮುಚ್ಚಿಹೋಗದ ಹಾಗೆ ಸುಕನ್ಯ ಹಾರವನ್ನು ಅವರ ಎದೆಯ ಮೇಲಿಟ್ಟರು.

ತಲೆಯ ಬಳಿ ಕೂತಿದ್ದ ದೊಡ್ಡಮುನಿಯಮ್ಮ ಕಣ್ಣೆತ್ತಿ, “ಬಂದ್ರಾ,” ಎಂದರು. ಗಂಡನನ್ನು ಕಳೆದುಕೊಂಡು ಆರು ಗಂಟೆಯಾಗಿತ್ತು. ಅಳು ಮುಗಿದು ಬರೀ ಸುಸ್ತು ಉಳಿದಿತ್ತು.

* * *

ತೊಂಬತ್ತನಾಲ್ಕರಲ್ಲಿ ನೀಲಗಿರಿಯ ಒಂದು ಜೌಗಿಗೆ ಸುಕನ್ಯ, ಬೈಲಪ್ಪ ಇಬ್ಬರೂ ಮೊದಲ ಸಲ ಹೋಗಿದ್ದರು. ಹುಲ್ಲು, ಪಾಚಿ ಎಲ್ಲ ಸಾವಿರಾರು ವರ್ಷ ಪೂರ್ತಿ ಕೊಳೆಯದೆ, ಒಂದರ ಮೇಲೊಂದು ಕೂತು ಕಪ್ಪಾದ ನೆಲ. ವಿಜ್ಞಾನಿಗಳು ಪೀಟ್ ಎನ್ನುತ್ತಾರೆ. ಪದರಗಳು ಕದಡದ ಹಾಗೆ ಉದ್ದ ಕೊಳವೆ ಇಳಿಸಿ ಮಣ್ಣು ಮೇಲೆತ್ತಿದಾಗ ಬೈಲಪ್ಪ ಒಂದು ಚಿಟಿಕೆ ತೆಗೆದು ಮೂಸಿ, “ನಮ್ಮಜ್ಜಿ ಹೊಗೆಸೊಪ್ಪಿನ ಚೀಲ ಹಿಂಗೇ ಇತ್ತು ಮೇಡಂ,” ಎಂದಿದ್ದರು.

ಕೊಳವೆಯ ಮಣ್ಣನ್ನು ಒಂದೊಂದು ಸೆಂಟಿಮೀಟರಿಗೆ ಕುಯ್ಯುವುದು ಅವರ ಕೆಲಸ. ಕುಯ್ಯಬೇಕು, ಬ್ಲೇಡು ತೊಳೆಯಬೇಕು, ತುಂಡನ್ನು ಕವರಿಗೆ ಹಾಕಿ ಚೀಟಿ ಬರೆಯಬೇಕು, ಮತ್ತೆ ಕುಯ್ಯಬೇಕು. ಪೆನ್ನಿನಲ್ಲಿ ಬರೆದರೆ ಒದ್ದೆಗೆ ಅಳಿಸುತ್ತದೆ, ಪೆನ್ಸಿಲ್ಲಿನಲ್ಲೇ ಬರೆಯಿರಿ ಎಂದು ಮೊದಲ ದಿನ ಹೇಳಿಕೊಟ್ಟವರು ಸುಕನ್ಯ. ಆಮೇಲೆ ಅವರೇ ಎಷ್ಟೋ ಸಲ ಮರೆತರು. ಬೈಲಪ್ಪ ಮರೆಯಲಿಲ್ಲ.

“ಇದ್ರಲ್ಲಿ ಏನ್ ಹುಡುಕ್ತೀರಾ ಮೇಡಂ?”

“ಅರವತ್ತಮೂರನೇ ಇಸವಿ. ಆಗ ದೊಡ್ಡ ದೊಡ್ಡ ದೇಶಗಳು ಅಣುಬಾಂಬ್ ಸಿಡಿಸಿ ಪರೀಕ್ಷೆ ಮಾಡಿದ್ವಲ್ಲ, ಆ ಧೂಳು ಮಳೆ ಜೊತೆ ಪ್ರಪಂಚದ ಮೇಲೆಲ್ಲ ಬಿತ್ತು. ಕಣ್ಣಿಗೆ ಕಾಣಲ್ಲ, ಮೆಷಿನ್ನಿಗೆ ಕಾಣುತ್ತೆ. ಯಾವ ತುಂಡಲ್ಲಿ ಅದು ಜಾಸ್ತಿ ಇರುತ್ತೋ ಅದು ಆ ವರ್ಷದ ಮಣ್ಣು. ಅಲ್ಲಿಂದ ಮೇಲಕ್ಕೆ ಎಣಿಸ್ಕೊಂಡ್ ಬಂದ್ರೆ ಯಾವಾಗ ಕಾಡು ಸುಟ್ಟಿತು, ಯಾವಾಗ ನೀರು ಕೆಟ್ಟಿತು, ಎಲ್ಲ ಗೊತ್ತಾಗುತ್ತೆ.”

ಬೈಲಪ್ಪ ಬ್ಲೇಡು ಒರೆಸುತ್ತ ಯೋಚಿಸಿದರು. “ನಾನಾಗ ಏಳ್ ವರ್ಷದೋನು. ನಮ್ಮೂರ್ ಮೇಲೂ ಬಿದ್ದಿತ್ತಾ?”

“ಎಲ್ರ ಮೇಲೂ.”

“ನಮ್ಗ್ಯಾರೂ ಹೇಳ್ಲೇ ಇಲ್ವಲ್ಲ ಮೇಡಂ.”

ಮೂರು ವಾರದ ನಂತರ ಹನ್ನೆರಡನೇ ತುಂಡಿನಲ್ಲಿ ಆ ವರ್ಷ ಸಿಕ್ಕಿತು. ತಾವೇ ಹೆತ್ತವರ ಹಾಗೆ ಬೈಲಪ್ಪ ಇಡೀ ಪ್ರಯೋಗಾಲಯಕ್ಕೆ ಊಟಿ ವರ್ಕಿ ಬಿಸ್ಕತ್ತು ಹಂಚಿದರು.

* * *

“ಆಯಮ್ಮ ಯಾರು?” ಎಂದು ಶಾಮಿಯಾನದ ಹಿಂದೆ ಯಾರೋ ಕೇಳಿದರು. ಮೆಲ್ಲಗೆ ಕೇಳಿದ್ದೇವೆ ಅಂದುಕೊಂಡಿದ್ದರು.

“ಮಣ್ಣು ಬೈಲಪ್ಪನ ಆಫೀಸಮ್ಮ. ಗೇಟಿಗೆ ಹಾಕ್ಸಿದ್ರಲ್ಲ, ಅವ್ರೇ.”

“ಅಯ್ಯೋ, ಅವ್ರಾ? ಇಲ್ಲಿಗ್ಯಾಕೆ ಬಂದ್ರು?”

ತೌಹೀದ್ ತಲೆ ತಗ್ಗಿಸಿ ಚಪ್ಪಲಿ ನೋಡಿದ. ಸುಕನ್ಯ ಕೇಳಿಸದವರ ಹಾಗೆ ಕುರ್ಚಿಯಲ್ಲಿ ಕೂತರು. ಯಾಕೆ ಬಂದೆ? ಒಂದು ಮಾತು ಹೇಳಲು. ಆ ಮಾತು ಕೇಳಬೇಕಾದವರು ಬೆಂಚಿನ ಮೇಲೆ ಮೂಗಿಗೆ ಹತ್ತಿ ಇಟ್ಟುಕೊಂಡು ಮಲಗಿದ್ದಾರೆ. ಇನ್ನೊಂದು ಗಂಟೆಯಲ್ಲಿ ಮಣ್ಣಿಗೆ ಇಳಿಸುತ್ತಾರೆ. ಅಷ್ಟರೊಳಗೆ ಹೇಳದಿದ್ದರೆ ಇನ್ನು ಈ ಜನ್ಮದಲ್ಲಿ ಹೇಳುವ ಹಾಗಿಲ್ಲ.

* * *

ಎರಡು ಸಾವಿರದ ಒಂಬತ್ತರಲ್ಲಿ ಬೈಲಪ್ಪನವರ ಊರಿನದೇ ಕೆರೆ, ಹಳೇ ತೂಬಿನ ಕೆರೆಗೆ ಕೊಳವೆ ಇಳಿಸಿದರು. ಕಾರ್ಖಾನೆಗಳು ಬಂದ ಮೇಲೆ ನೀರಿಗೆ ಏನೇನು ಸೇರಿತು ಅಂತ ತಿಳಿಯಬೇಕಿತ್ತು. ದಡದ ಹತ್ತಿರ ತೆಗೆದ ಮಣ್ಣು, ನೂರಿಪ್ಪತ್ತು ತುಂಡು. ನೂರಿಪ್ಪತ್ತರಲ್ಲೂ ಅರವತ್ತಮೂರು ಇರಲಿಲ್ಲ.

“ತುಂಡುಗಳು ಅದಲುಬದಲಾಗಿವೆ ಬೈಲಪ್ಪ,” ಎಂದರು ಸುಕನ್ಯ. ದೆಹಲಿಯಿಂದ ಪರಿಶೀಲನೆಗೆ ಬರುವವರಿದ್ದರು, ತಲೆ ಸಿಡಿಯುತ್ತಿತ್ತು.

“ಇಲ್ಲ ಮೇಡಂ. ಸರಿಯಾಗೇ ಕುಯ್ದಿದ್ದೀನಿ. ಆ ಮಣ್ಣು ಅಲ್ಲಿಲ್ಲ. ನಾವು ಹೊಡ್ಕೊಂಡು ಹೋದ್ವಿ.”

“ಯಾರು ನಾವು?”

“ನಮ್ಮಪ್ಪ, ಊರೋರು. ಅರವತ್ತಾರನೇ ಇಸವಿ ಬೇಸಿಗೇಲಿ ಕೆರೆ ಒಣಗಿತ್ತು. ತಳದ ಕರೀ ಗೋಡುಮಣ್ಣು ತುಂಬ್ಕೊಂಡು ಗಾಡಿಗಟ್ಲೆ ಹೊಲಕ್ಕೆ ಹೊಡೆದ್ರು. ರಾಗಿ ಚೆನ್ನಾಗ್ ಬರ್ತದಲ್ಲ? ನಾನೂ ಗಾಡಿ ಮೇಲೆ ಕೂತಿದ್ದೆ. ನಿಮ್ ಜೌಗನ್ನ ಯಾರೂ ಮುಟ್ಟಲ್ಲ ಮೇಡಂ. ಕೆರೆ ಹಂಗಲ್ಲ, ಊರೋರ್ ಕೈ ಆಡಿರ್ತದೆ. ಬೇಕಾದ್ರೆ ನಮ್ ಹೊಲದ ಮಣ್ಣು ತಂದ್ಕೊಡ್ತೀನಿ, ಮೆಷಿನ್ನಿಗೆ ಹಾಕಿ ನೋಡಿ.”

“ತಪ್ಪು ಮಾಡಿ ಕತೆ ಹೇಳ್ಬೇಡಿ,” ಎಂದುಬಿಟ್ಟರು.

ಬೈಲಪ್ಪ ಬ್ಲೇಡು ತೊಳೆದು ಒರೆಸಿಟ್ಟರು. ‘ಮಾದರಿ ಕತ್ತರಿಸುವಲ್ಲಿ ಸಿಬ್ಬಂದಿಯ ಅಜಾಗರೂಕತೆ’ ಎಂದು ಸುಕನ್ಯ ವರದಿಯಲ್ಲಿ ಬರೆದರು. ಒಂದೇ ಸಾಲು. ಆ ಸಾಲಿನಿಂದ ಬೈಲಪ್ಪನವರನ್ನು ಗೇಟು ಕಾಯುವ ಕೆಲಸಕ್ಕೆ ಹಾಕಿದರು. ಮುಂದೆ ಏಳು ವರ್ಷ, ನಿವೃತ್ತಿಯಾಗುವವರೆಗೆ, ದಿನಾ ಬೆಳಿಗ್ಗೆ ಸುಕನ್ಯರ ಕಾರಿಗೆ ಗೇಟು ತೆಗೆದು “ನಮಸ್ಕಾರ ಮೇಡಂ” ಎಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅವರು ನಿವೃತ್ತರಾದ ಮರುವರ್ಷ ಸುಕನ್ಯರ ವಿದ್ಯಾರ್ಥಿನಿಯೊಬ್ಬಳು ಅದೇ ಕೆರೆಯ ನಡುವಿನ ಆಳದ ಗುಂಡಿಗೆ ಕೊಳವೆ ಇಳಿಸಿದಳು. ಗಾಡಿ ಇಳಿಯಲಾಗದ ಜಾಗ. ಅಲ್ಲಿ ಅರವತ್ತಮೂರು ಸ್ಪಷ್ಟವಾಗಿ ಕೂತಿತ್ತು. ದಡದಲ್ಲಿ ಮತ್ತೆ ಮೂರು ಕಡೆ ತೆಗೆದು ನೋಡಿದರು; ಎಲ್ಲಿಯೂ ಇಲ್ಲ. ‘ಅಂಚಿನ ಹೂಳನ್ನು ಸ್ಥಳೀಯರು ಹೊಲಗಳಿಗೆ ಸಾಗಿಸುತ್ತಿದ್ದರೆಂದು ತಿಳಿದುಬರುತ್ತದೆ’ ಎಂದು ಪ್ರಬಂಧದಲ್ಲಿ ಬರೆದರು. ಯಾರಿಂದ ತಿಳಿದುಬಂತು ಅಂತ ಬರೆಯಲಿಲ್ಲ. ಹೋಗಿ ಹೇಳಿ ಬರೋಣ ಅಂದುಕೊಂಡರು. ಮುಂದಿನ ವಾರ. ದೀಪಾವಳಿ ಕಳೀಲಿ. ಆಮೇಲೆ ಕೊರೋನಾ ಬಂತು, ಆಮೇಲೆ ಮಂಡಿ. ನಾಚಿಕೆಗೆ ನೆಪ ಸಿಗುವುದು ಕಷ್ಟವಲ್ಲ.

* * *

“ಕರೀ ಮಣ್ಣು ಬಂತು!” ಎಂದು ಅಮೃತಪ್ಪ ಕೂಗಿದ.

ಸುಕನ್ಯ ಎದ್ದು ಹೋಗಿ ನೋಡಿದರು. ಅವನು ಗುಂಡಿಯ ಗೋಡೆಯನ್ನು ನೇರವಾಗಿ ಕೆತ್ತಿದ್ದ. ಮೇಲೆ ಎರಡಡಿ ಕಟ್ಟಡದ ಕಸ, ಇಟ್ಟಿಗೆ, ಹಾಲಿನ ಕವರು. ಅದರ ಕೆಳಗೆ ಒಂದು ಗೇಣು ಕಪ್ಪು. ಕಪ್ಪಿನ ಕೆಳಗೆ ನಮ್ಮ ಕಡೆಯ ಕೆಂಪು ಮಣ್ಣು.

“ನಮ್ ಕೆರೆ ಗೋಡು,” ಎಂದರು ಮುನಿಆಂಜನಪ್ಪ. “ನಾನೂ ನಮ್ಮಪ್ಪನೂ ಹೊಡ್ದಿದ್ದು. ಇವ್ನು ಗಾಡಿ ಮೇಲೆ ಮಹಾರಾಜನ್ ತರ ಕೂತ್ಕೊಂಡು ಬತ್ತಿದ್ದ, ಒಂದ್ ಮಂಕರಿ ಮಣ್ಣು ಎತ್ತಿದೋನಲ್ಲ.” ನಗಲು ಹೋಗಿ, ಪಂಚೆಯ ತುದಿಯನ್ನು ಬಾಯಿಗೆ ಒತ್ತಿಕೊಂಡರು.

ಹಿಂದಿನಿಂದ ದೊಡ್ಡಮುನಿಯಮ್ಮ ಬಂದರು. ಕೈಯಲ್ಲಿ ಮಣ್ಣು ತುಂಬಿದ ಒಂದು ಪುಟ್ಟ ಪ್ಲಾಸ್ಟಿಕ್ ಕವರು.

“ಇಲ್ಲೇ ನೀರಿನ ಸಂಪು ತೋಡಿಸ್ದಾಗ ತೆಗ್ದಿಟ್ಟಿದ್ರು. ದೇವರ ಗೂಡಲ್ಲೇ ಇತ್ತು. ಮೇಡಂ ಬಂದ್ರೆ ಕೊಡು, ಮೆಷಿನ್ನಿಗೆ ಹಾಕಿ ನೋಡ್ತಾರೆ ಅಂತಿದ್ರು. ನಾನು ಬೈತಿದ್ದೆ, ಯಾವ ಮೇಡಂ ಬತ್ತಾರೆ ನಿನ್ ಮಣ್ಣು ನೋಡಕ್ಕೆ ಅಂತ. ತಗೊಳ್ಳಿ. ನೋಡ್ಬಿಟ್ಟು ಹೇಳ್ಕಳಿಸಿ. ತಪ್ಪು ಅವರದಾ ಅಲ್ವಾ ಅಂತ ನನಗಾದ್ರೂ ಗೊತ್ತಾಗ್ಲಿ.”

ಕವರಿನೊಳಗೆ ಚೀಟಿ ಇತ್ತು. ಅದೇ ಗುಂಡಗಿನ ಅಕ್ಷರ. ಸ್ಥಳ: ನಮ್ಮ ಹೊಲ. ಆಳ: 74–75 ಸೆಂ.ಮೀ. ತೆಗೆದವರು: ಬೈಲಪ್ಪ. ವರ್ಷ, ಪರಿಶೀಲಿಸಿದವರು ಎಂಬ ಎರಡು ಸಾಲುಗಳ ಮುಂದೆ ಏನೂ ಇರಲಿಲ್ಲ. ಅವನ್ನು ತುಂಬುವುದು ಮೇಡಂ ಕೆಲಸ.

“ನೋಡೋದು ಬೇಡಮ್ಮ,” ಎಂದರು ಸುಕನ್ಯ. “ಅವರ ತಪ್ಪಲ್ಲ. ಅವರು ಹೇಳಿದ್ದೇ ಸರಿ. ತಪ್ಪು ನಂದು. ನಂಗೆ... ಎಂಟು ವರ್ಷದಿಂದ ಗೊತ್ತು.”

ತಮಟೆಯವರು ಬೀಡಿ ಕೆಳಗಿಳಿಸಿದರು. ಕೆಂಪರಾಜ್ ಹತ್ತಿರ ಬಂದ.

“ಎಂಟ್ ವರ್ಷ,” ಎಂದರು ದೊಡ್ಡಮುನಿಯಮ್ಮ. “ನಿಮ್ಮನೆ ಎಲ್ಲಮ್ಮ?”

“ಇಂದಿರಾನಗರ.”

“ಅಲ್ಲಿಂದ ಇಲ್ಲಿಗೆ ಒಂದೇ ಬಸ್ಸಲ್ವಾ.”

ಸುಕನ್ಯರ ಕಣ್ಣೀರು ತಾನಾಗಿ ಇಳಿಯಿತು; ಒರೆಸಿಕೊಳ್ಳುವ ಧೈರ್ಯವೂ ಬರಲಿಲ್ಲ.

“ಅಮ್ಮ, ಬಿಡಮ್ಮ ಈಗ,” ಎಂದ ಕೆಂಪರಾಜ್.

“ನಾನೇನ್ ಜಗಳ ಆಡಿದ್ನಾ? ಜಗಳ ಆಡಕ್ಕೆ ಶಕ್ತಿ ಎಲ್ಲೈತೆ ನಂಗೆ.” ದೊಡ್ಡಮುನಿಯಮ್ಮ ಕವರನ್ನು ಬಿಚ್ಚಿ ಚೀಟಿಯನ್ನು ಹೊರಗೆ ತೆಗೆದರು. “ಬಂದಿದ್ದೀರಲ್ಲ, ಬರೀರಿ.”

ಮೂರು ದಿನ ಮೆಷಿನ್ನಿನಲ್ಲಿಟ್ಟು ಎಣಿಸದೆ ಸುಕನ್ಯ ಯಾವ ಚೀಟಿಗೂ ಸಹಿ ಹಾಕಿದವರಲ್ಲ. ಅದು ಬೈಲಪ್ಪನವರಿಗೂ ಗೊತ್ತಿತ್ತು. ಈಗ ಸುಕನ್ಯ ಬ್ಯಾಗಿನಿಂದ ಪೆನ್ನು ತೆಗೆದರು.

“ಪೆನ್ನಲ್ಲಿ ಬೇಡ,” ಎಂದರು ದೊಡ್ಡಮುನಿಯಮ್ಮ. “ಒದ್ದೆಗೆ ನಿಲ್ಲಲ್ಲ ಅಂತಿದ್ರು.”

ತಾವೇ ಶಾಮಿಯಾನಕ್ಕೆ ಹೋಗಿ, ಗಂಡನ ಜೇಬಿನಿಂದ ಪೆನ್ಸಿಲ್ ತಂದರು. ಮೊನೆ ಮುರಿದಿತ್ತು. ಮುನಿಆಂಜನಪ್ಪ ಎಳನೀರು ಕೆತ್ತುವ ಮಚ್ಚು ತೆಗೆದುಕೊಂಡು, ಪೆನ್ಸಿಲನ್ನು ಸಣ್ಣಗೆ ಹೆರೆದು ಕೊಟ್ಟರು. ಸುಕನ್ಯ ತೌಹೀದನ ಬೆನ್ನಿಗೆ ಚೀಟಿ ಒತ್ತಿ ಬರೆದರು.

“ಓದಿ. ಅವರಿಗೆ ಕೇಳೋ ಹಂಗೆ ಓದಿ,” ಎಂದರು ದೊಡ್ಡಮುನಿಯಮ್ಮ.

ಸುಕನ್ಯ ಬೆಂಚಿನ ಬಳಿಗೆ ಹೋಗಿ, ಮಂಡಿ ನೋವಿನಲ್ಲೇ ಬಗ್ಗಿದರು. “ಬೈಲಪ್ಪ, ವರ್ಷ ಸಾವಿರದ ಒಂಬೈನೂರ ಅರವತ್ತಮೂರು. ಪರಿಶೀಲಿಸಿದವರು ಸುಕನ್ಯ.”

ದೊಡ್ಡಮುನಿಯಮ್ಮ ಚೀಟಿಯನ್ನು ಕವರಿಗೆ ಹಾಕಿ, ಕವರನ್ನು ಗಂಡನ ಜೇಬಿಗಿಟ್ಟು, ಪಕ್ಕದಲ್ಲಿ ಪೆನ್ಸಿಲ್ ಸಿಕ್ಕಿಸಿದರು. ತಮಟೆ ಶುರುವಾಯಿತು.

ಇಳಿಸಿದರು. ಮಗ, ಅಣ್ಣ, ಹೆಂಡತಿ, ನೆಂಟರು ಮೂರು ಮೂರು ಹಿಡಿ ಹಾಕಿದರು. ಕೊನೆಗೆ ಸುಕನ್ಯರೂ ಹಾಕಿದರು. ಅಮೃತಪ್ಪ ಸಲಿಕೆಯನ್ನು ಹತ್ತಿರದ ಕಸದ ಗುಡ್ಡೆಗೆ ಚುಚ್ಚಿದ.

“ಅದಲ್ಲಪ್ಪ,” ಎಂದರು ದೊಡ್ಡಮುನಿಯಮ್ಮ. “ಇದ್ದಂಗೇ ಹಾಕು. ಕಲೆಸ್ಬೇಡ.”

ಅವನು ಕೆಂಪು, ಕಪ್ಪು ಮಣ್ಣಿನ ಗುಡ್ಡೆಗಳಿದ್ದ ಗುಂಡಿಯ ಆ ಬದಿಗೆ ಹೋದ. ಮೊದಲು ಕೆಂಪು ಮಣ್ಣು ಹಾಕಿದ, ಮೇಲೆ ಕಪ್ಪು ಹಾಕಿ ಸಲಿಕೆಯ ಬೆನ್ನಿನಿಂದ ಮಟ್ಟ ಮಾಡಿದ. ಕಾಂಕ್ರೀಟಿನ ತುಂಡುಗಳು ಹೊರಗೇ ಉಳಿದವು.